ಕೆನಡಾ ಪಿಆರ್ (ಕಾಯಂ ವಾಸ) ಅರ್ಜಿಗೆ ಲಾಯರ್ ಬೇಕಾ, ಕನ್ಸಲ್ಟೆಂಟ್ ಸಾಕಾ, ನಾವೇ ಹಾಕಬಹುದಾ? ಅನುಭವ ಇದ್ದವರು ಹೇಳಿ

ಹೊಸಬ_ಒಂಟಾರಿಯೋ:
ಎಲ್ಲರಿಗೂ ನಮಸ್ಕಾರ. ಕೆನಡಾದಲ್ಲಿ ವರ್ಕ್ ಪರ್ಮಿಟ್ ಮೇಲೆ ಇದ್ದೇನೆ. ಸಿಇಸಿಯಲ್ಲಿ (ಕೆನಡಾದಲ್ಲೇ ಕೆಲಸ ಮಾಡಿದವರ ವಿಭಾಗ) ಐಟಿಎ, ಅಂದರೆ ಅರ್ಜಿ ಹಾಕಿ ಅನ್ನುವ ಆಹ್ವಾನ ಬಂದಿದೆ, 60 ದಿನದೊಳಗೆ ಅರ್ಜಿ ಹಾಕಬೇಕು. ಎರಡು ಕಡೆ ಕೆಲಸ ಮಾಡಿದ್ದೇನೆ. ಮೊದಲನೇ ಕಂಪನಿಯವರು ಬರೀ ತಾರೀಖು ಇರುವ ಲೆಟರ್ ಕೊಟ್ಟಿದ್ದಾರೆ, ಏನು ಕೆಲಸ ಮಾಡಿದೆ ಅಂತ ಬರೆದುಕೊಡಲ್ಲ ಅನ್ನುತ್ತಿದ್ದಾರೆ. ಹೆಂಡತಿ ಇನ್ನೂ ಊರಲ್ಲಿದ್ದಾಳೆ. ಒಬ್ಬ ಲಾಯರ್ 4,000 ಡಾಲರ್ ಪ್ಲಸ್ ಟ್ಯಾಕ್ಸ್ ಅಂದರು, ಒಬ್ಬ ಕನ್ಸಲ್ಟೆಂಟ್ 1,800 ಅಂದರು. ಏನು ಮಾಡಲಿ?

ರಾತ್ರಿಪಾಳಿ:
ದುಡ್ಡು ತಗೊಳ್ಳುವವರ ಹೆಸರು ಅರ್ಜಿಯಲ್ಲಿ ಇರುತ್ತಾ ಅಂತ ಮೊದಲು ಕೇಳಿ, ಬಾಕಿ ಎಲ್ಲ ಆಮೇಲೆ. ನನ್ನ ಹತ್ತಿರ 3,500 ಡಾಲರ್ ತಗೊಂಡ ಮನುಷ್ಯ ಐಎಂಎಂ 5476 ಫಾರ್ಮ್‌ಗೆ (ಅರ್ಜಿದಾರರ ಪರವಾಗಿ ಯಾರು ಕೆಲಸ ಮಾಡುತ್ತಾರೆ ಅಂತ ತಿಳಿಸುವ ಫಾರ್ಮ್) ಸಹಿನೇ ಹಾಕಲಿಲ್ಲ. ಅಕೌಂಟ್ ನನ್ನ ಹೆಸರಲ್ಲಿ, ಪಾಸ್‌ವರ್ಡ್ ಅವನ ಹತ್ತಿರ, ಇಮೇಲ್ ಕೂಡ ಅವನೇ ಮಾಡಿದ್ದು. ಅಂದರೆ ಇಮಿಗ್ರೇಶನ್‌ನವರ ಲೆಕ್ಕದಲ್ಲಿ ಎಲ್ಲ ನಾನೇ ಹಾಕಿದ್ದು. ದುಡ್ಡು ತಗೊಂಡು ಈ ಕೆಲಸ ಮಾಡುವ ಹಕ್ಕು ಇರುವುದು ಲಾ ಸೊಸೈಟಿ (ವಕೀಲರ ಸಂಸ್ಥೆ) ಸದಸ್ಯರಿಗೆ, ಕ್ವಿಬೆಕ್ ನೋಟರಿಗಳಿಗೆ, ಕಾಲೇಜ್ ಅಂತ ಕರೆಯುವ ಇಮಿಗ್ರೇಶನ್ ಕನ್ಸಲ್ಟೆಂಟ್‌ಗಳ ನಿಯಂತ್ರಣ ಸಂಸ್ಥೆಯ ಲೈಸೆನ್ಸ್ ಇರುವ ಕನ್ಸಲ್ಟೆಂಟ್‌ಗಳಿಗೆ. ಇಮಿಗ್ರೇಶನ್ ಕಾಯ್ದೆಯ 91ನೇ ಸೆಕ್ಷನ್‌ನಲ್ಲಿದೆ. ಅವನು ಈ ಮೂರರಲ್ಲಿ ಯಾವುದೂ ಅಲ್ಲ ಅಂತ ನನಗೆ ಹೇಳುವವರೇ ಇರಲಿಲ್ಲ.

ಅವನು ಮಾಡಿದ್ದು ಏನು ಗೊತ್ತಾ? ಎನ್‌ಒಸಿ (ಸರ್ಕಾರದ ಉದ್ಯೋಗ ವರ್ಗೀಕರಣ) ಪುಟದಲ್ಲಿರುವ ಕೆಲಸಗಳ ಪಟ್ಟಿಯನ್ನು ಇದ್ದ ಹಾಗೇ ಎತ್ತಿ ಲೆಟರ್ ಮಾಡಿ ನನ್ನ ಮ್ಯಾನೇಜರ್‌ಗೆ ಕಳಿಸಿ ಸಹಿ ಮಾಡಿಸಿದ. ಅಲ್ಲಿದ್ದ 'ಅಥವಾ' ಕೂಡ ಹಾಗೇ ಉಳಿದಿತ್ತು. ಇವನು ಇದನ್ನು ಅಥವಾ ಅದನ್ನು ಮಾಡುತ್ತಾನೆ ಅಂತ ಯಾವ ಮ್ಯಾನೇಜರ್ ಬರೆಯುತ್ತಾರೆ? ಪ್ರೊಸೀಜರಲ್ ಫೇರ್‌ನೆಸ್ ಲೆಟರ್ (ಅನುಮಾನ ಇದೆ, ಉತ್ತರ ಕೊಡಿ ಅನ್ನುವ ಪತ್ರ) ಬಂತು, ಅದೂ ಅವನ ಇಮೇಲ್‌ಗೆ. ಗಡುವು ಮುಗಿಯುತ್ತಾ ಬಂದಾಗ ನನಗೆ ಫಾರ್ವರ್ಡ್ ಮಾಡಿದ, ಇದಕ್ಕೆ ಬೇರೆ ಚಾರ್ಜ್ ಅಂತ. ಸುಳ್ಳು ಮಾಹಿತಿ ಅಂತ ಆದರೆ 5 ವರ್ಷ ಬ್ಯಾನ್, ಗೊತ್ತಲ್ವಾ. ಲಾಯರ್ ಹತ್ತಿರ ಓಡಿದೆ. 2,800, ಅದರ ಮೇಲೆ 13% ಎಚ್‌ಎಸ್‌ಟಿ (ಸೇಲ್ಸ್ ಟ್ಯಾಕ್ಸ್) 364, ಒಟ್ಟು 3,164. ಬ್ಯಾನ್ ತಪ್ಪಿತು, ಅರ್ಜಿ ಮಾತ್ರ ರಿಫ್ಯೂಸ್. ನಮ್ಮಿಬ್ಬರ ಪ್ರೊಸೆಸಿಂಗ್ ಫೀ 1,900 ಹೋಯಿತು, ರೈಟ್ ಆಫ್ ಪಿಆರ್‌ಗೆ (ಪಿಆರ್ ಸಿಕ್ಕರೆ ಮಾತ್ರ ಸರ್ಕಾರ ಇಟ್ಟುಕೊಳ್ಳುವ ಫೀ) ಕಟ್ಟಿದ್ದ 1,150 ಮಾತ್ರ ವಾಪಸ್ ಬಂತು. ಕೂಡಿಸಿ ನೋಡಿ, 8,564. ಬಯೋಮೆಟ್ರಿಕ್ಸ್ 170, ಮೆಡಿಕಲ್ ಬೇರೆ. ಅಷ್ಟರಲ್ಲಿ ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ಅಂಕಗಳ 2 ವರ್ಷದ ಅವಧಿ ಮುಗಿದು ಅದನ್ನೂ ಮತ್ತೆ ಬರೆಯಬೇಕಾಯಿತು, ಆಹ್ವಾನಕ್ಕೆ ಲೆಕ್ಕ ಹಾಕುವ ಪಾಯಿಂಟ್‌ಗಳಲ್ಲಿ ವಯಸ್ಸಿನ ಪಾಯಿಂಟ್ ಕಮ್ಮಿ ಆಯಿತು. ಆ ಮನುಷ್ಯ ಇವತ್ತಿಗೂ ಅದೇ ಕೆಲಸ ಮಾಡಿಕೊಂಡು ಆರಾಮಾಗಿದ್ದಾನೆ.

ಎಡ್ಮಂಟನ್_ಅಮ್ಮ:
ಯಾರಿಗೂ ಒಂದು ಡಾಲರ್ ಕೊಡಬೇಡಿ. ನಮ್ಮ ಮನೆಯ ನಾಲ್ಕು ಜನದ ಅರ್ಜಿ ನಾನೇ ಹಾಕಿದ್ದು. ನಾವು ಹಾಕಿದಾಗ ದೊಡ್ಡವರಿಗೆ ತಲಾ 1,525, ಮಕ್ಕಳಿಗೆ ತಲಾ 260, ಬಯೋಮೆಟ್ರಿಕ್ಸ್ 170. ಸರ್ಕಾರಕ್ಕೇ 3,740 ಹೋಯಿತು. ಅದರ ಮೇಲೆ ಇನ್ನೊಬ್ಬರಿಗೆ ಯಾಕೆ?

ನನ್ನ ಕಂಪನಿಯವರೂ ಲೆಟರ್ ಕೊಡಲಿಲ್ಲ. ಎಚ್‌ಆರ್‌ನಲ್ಲಿದ್ದವರು ಫೋನೇ ಎತ್ತುತ್ತಿರಲಿಲ್ಲ. ಅವರಿಗೆ ನಾನು ಬರೆದ ಇಮೇಲ್‌ಗಳು, 'ಇದು ನಮ್ಮ ಪಾಲಿಸಿ ಅಲ್ಲ' ಅಂತ ಬಂದ ಉತ್ತರ, ಅದನ್ನೇ ಸಾಕ್ಷಿಯಾಗಿ ಹಾಕಿದೆ. ಆಫರ್ ಲೆಟರ್, ಟಿ4 (ವರ್ಷದ ಸಂಬಳದ ಸ್ಲಿಪ್), ನೋಟಿಸ್ ಆಫ್ ಅಸೆಸ್‌ಮೆಂಟ್ (ತೆರಿಗೆ ಇಲಾಖೆಯ ಪತ್ರ), ಎಲ್ಲ ಪೇ ಸ್ಲಿಪ್. ಪೇ ಸ್ಲಿಪ್‌ನಲ್ಲಿರುವ ಗಂಟೆಗಳನ್ನು ಎಕ್ಸೆಲ್‌ನಲ್ಲಿ ಸಾಲು ಸಾಲಾಗಿ ಕೂಡಿಸಿ ಅರ್ಹತೆಗೆ ಬೇಕಾದ 1,560 ಗಂಟೆ ದಾಟಿದೆ ಅಂತ ಬಣ್ಣ ಹಾಕಿ ತೋರಿಸಿದೆ. ಕಂಪನಿ ಬಿಟ್ಟು ಹೋಗಿದ್ದ ನಮ್ಮ ಸೂಪರ್‌ವೈಸರ್ ಒಬ್ಬರು ತಮ್ಮ ಮಾತಲ್ಲೇ ಲೆಟರ್ ಬರೆದುಕೊಟ್ಟರು, ಯಾವ ಮೆಷಿನ್, ಯಾವ ಶಿಫ್ಟ್, ವಾರಕ್ಕೆ ಎಷ್ಟು ಗಂಟೆ, ಎಲ್ಲ. ಮಕ್ಕಳನ್ನು ಮಲಗಿಸಿ ರಾತ್ರಿ ಕೂತು ಮಾಡಿದ್ದೇನೆ ಇಷ್ಟೂ. ಒಂದು ಪ್ರಶ್ನೆ ಬರದೆ ಪಿಆರ್ ಬಂತು. ಓದು ಬರಹ ಬರುವವರು ಇನ್ನೊಬ್ಬರ ಕೈಗೆ ಪಾಸ್‌ವರ್ಡ್ ಕೊಡುವುದು ನನಗೆ ಅರ್ಥವೇ ಆಗಲ್ಲ.

ರಾತ್ರಿಪಾಳಿ:
ಮೇಡಂ, ಕೊನೇ ಸಾಲು ನನಗೇ ಹೇಳಿದ್ದು ಅಲ್ವಾ? ವಾರಕ್ಕೆ 60 ಗಂಟೆ ವೇರ್‌ಹೌಸ್‌ನಲ್ಲಿ ದುಡಿಯುತ್ತಿದ್ದವನಿಗೆ ರಾತ್ರಿ ಕೂತು ಬಣ್ಣ ಹಾಕೋಕೆ ಟೈಮ್ ಇರಲಿಲ್ಲ.

ದುಬೈ_ಟು_ಹ್ಯಾಲಿಫ್ಯಾಕ್ಸ್:
ಅಮ್ಮಾ, ನಿಮ್ಮದು ಸುಲಭದ ಕೇಸು, ಬೇಜಾರು ಮಾಡ್ಕೋಬೇಡಿ. ರಿಫ್ಯೂಸ್ ಆದವರನ್ನು ಕೇಳಿ, ಲಾಯರ್ ಯಾಕೆ ಅಂತ ಹೇಳುತ್ತಾರೆ. ನಾನು ಕೆನಡಾ ಹೊರಗಿನಿಂದ ಹಾಕಿದ್ದೆ, ಫೆಡರಲ್ ಸ್ಕಿಲ್ಡ್ ವರ್ಕರ್ ಅನ್ನುವ ವಿಭಾಗದಲ್ಲಿ. ಲೈಸೆನ್ಸ್ ಇದ್ದ ಕನ್ಸಲ್ಟೆಂಟೇ ಮಾಡಿದ್ದು. ಬ್ಯಾಂಕ್ ಲೆಟರ್‌ನಲ್ಲಿ 6 ತಿಂಗಳ ಸರಾಸರಿ ಬ್ಯಾಲೆನ್ಸ್ ಎರಡನೇ ಪುಟದಲ್ಲಿ ಸ್ಪಷ್ಟವಾಗಿ ಇತ್ತು, ಆಫೀಸರ್ ಅದು ಇಲ್ಲ ಅಂತ ಬರೆದು ರಿಫ್ಯೂಸ್ ಮಾಡಿದರು. ಕನ್ಸಲ್ಟೆಂಟ್ ಏನಂದರು? ಮರುಪರಿಶೀಲನೆಗೆ ಒಂದು ಇಮೇಲ್ ಹಾಕೋಣ, ಕಾಯೋಣ. ಕಾಯುತ್ತಾ ಕೂತರೆ ಕೋರ್ಟಿಗೆ ಹೋಗುವ ಗಡುವು ನಿಲ್ಲಲ್ಲ ಸ್ವಾಮಿ! ಹೊರದೇಶದಲ್ಲಿ ಆದ ನಿರ್ಧಾರಕ್ಕೆ 60 ದಿನ, ಕೆನಡಾ ಒಳಗೆ ಆದದ್ದಕ್ಕೆ ಬರೀ 15 ದಿನ. ಕನ್ಸಲ್ಟೆಂಟ್ ಫೆಡರಲ್ ಕೋರ್ಟಿಗೆ ಹೋಗುವ ಹಾಗೂ ಇಲ್ಲ.

ಟೊರೊಂಟೊದ ಲಾಯರ್ ಒಬ್ಬರನ್ನು ಹಿಡಿದೆ. ಕೋರ್ಟ್ ಫೀ ಬರೀ 50 ಡಾಲರ್, ಲಾಯರ್ ಫೀ 3,500, ವಿಚಾರಣೆವರೆಗೆ ಹೋದರೆ ಇನ್ನೂ 3,000 ಅಂತ ಒಪ್ಪಂದ. ಅಷ್ಟು ದೂರ ಹೋಗಲೇ ಇಲ್ಲ. ಸರ್ಕಾರದ ಕಡೆಯ ವಕೀಲರು ಆ ಎರಡನೇ ಪುಟ ನೋಡಿ, ಬೇರೆ ಆಫೀಸರ್ ಮತ್ತೆ ನೋಡಲಿ ಅಂತ ಒಪ್ಪಿಕೊಂಡರು. ಕೋರ್ಟು ಪಿಆರ್ ಕೊಡಲ್ಲ, ಮತ್ತೆ ನೋಡಿ ಅಂತ ವಾಪಸ್ ಕಳಿಸುತ್ತೆ, ಅಷ್ಟೇ. ನನಗೆ ಅಷ್ಟೇ ಸಾಕಿತ್ತು. ಈಗ ಇಲ್ಲಿ ಮನೆ ತಗೊಂಡಿದ್ದೇನೆ.

ಸಸ್ಕಾಟೂನ್_ಚಳಿ:
ಎಲ್ಲ ಕನ್ಸಲ್ಟೆಂಟ್‌ಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನನ್ನ ಕನ್ಸಲ್ಟೆಂಟ್ ಹೆಸರನ್ನು ಕಾಲೇಜಿನ ರಿಜಿಸ್ಟರ್‌ನಲ್ಲಿ ನಾನೇ ಹುಡುಕಿ ನೋಡಿದ್ದೆ, ಆಮೇಲೆ ದುಡ್ಡು ಕೊಟ್ಟಿದ್ದು. ನನ್ನ ಗಂಡ ತುಂಬಾ ಹಿಂದೆ ಓಮಾನ್‌ನಲ್ಲಿ ಕೆಲಸಕ್ಕಿದ್ದರು. 10 ವರ್ಷದೊಳಗೆ 6 ತಿಂಗಳು ಒಂದೇ ಕಡೆ ಇದ್ದ ದೇಶಕ್ಕೆಲ್ಲ ಪೊಲೀಸ್ ಸರ್ಟಿಫಿಕೇಟ್ ಬೇಕು ಅಂತ ಹೇಳಿದ್ದು ಆ ಕನ್ಸಲ್ಟೆಂಟೇ. ಅದಿಲ್ಲದೆ ಹಾಕಿದ್ದರೆ ಅರ್ಧಂಬರ್ಧ ಅರ್ಜಿ ಅಂತ ವಾಪಸ್ ಕಳಿಸುತ್ತಿದ್ದರು, ಐಟಿಎ ಹೋಗುತ್ತಿತ್ತು. ನಾನು ಕೊಟ್ಟಿದ್ದು 2,000 ಮತ್ತು ಜಿಎಸ್‌ಟಿ. ಒಂದು ಪೈಸೆ ಬೇಜಾರಿಲ್ಲ. ಪ್ರತಿ ಫಾರ್ಮ್ ಸಬ್‌ಮಿಟ್ ಮಾಡುವ ಮುಂಚೆ ನನಗೆ ಕಳಿಸಿ ಓದಿ ಅಂದರು. ಓದಿದೆ.

ಹೊಸಬ_ಒಂಟಾರಿಯೋ:
ಎಲ್ಲರಿಗೂ ಥ್ಯಾಂಕ್ಸ್. ನನ್ನ ಲೆಟರ್ ವಿಷಯಕ್ಕೆ 4,000 ಕೊಡುವುದು ಜಾಸ್ತಿ ಆಯ್ತಾ ಅಂತ ಯಾರಾದರೂ...

ಬರ್ನಬಿ_ಭೀಮ:
ಲಾಯರ್, ಕನ್ಸಲ್ಟೆಂಟ್ ಅಂತ ಜಗಳ ಆಡುತ್ತಿದ್ದೀರಿ, ನಿಮಗೆಲ್ಲ ಐಟಿಎ ಆದರೂ ಬಂದಿದೆ. ನನ್ನ ಎಲ್‌ಎಂಐಎಗೆ (ವಿದೇಶಿ ಕೆಲಸಗಾರನನ್ನು ಇಟ್ಟುಕೊಳ್ಳಲು ಮಾಲೀಕರಿಗೆ ಸರ್ಕಾರ ಕೊಡುವ ಒಪ್ಪಿಗೆ) 50 ಪಾಯಿಂಟ್ ಇತ್ತು. 2025ರ ಮಾರ್ಚ್ 25ಕ್ಕೆ ರಾತ್ರೋರಾತ್ರಿ ತೆಗೆದರು. ಲಾಯರ್‌ಗೆ 1,500 ಅಡ್ವಾನ್ಸ್ ಕೊಟ್ಟಾಗಿತ್ತು, ಕೆಲಸ ಶುರುವಾಗಿದೆ ಅಂತ ಅರ್ಧವೂ ವಾಪಸ್ ಬರಲಿಲ್ಲ. ಒಪ್ಪಂದದಲ್ಲಿ ರಿಫಂಡ್ ಬಗ್ಗೆ ಏನಿದೆ ಅಂತ ನೋಡಿ ಸಹಿ ಹಾಕಿ.

ಎಡ್ಮಂಟನ್_ಅಮ್ಮ:
ಎಲ್‌ಎಂಐಎ ದುಡ್ಡು ಕೊಟ್ಟು ತಗೊಳ್ಳುವವರಿಂದಲೇ ಅದನ್ನು ತೆಗೆದಿದ್ದು. ಸರಿಯಾಗೇ ಮಾಡಿದ್ದಾರೆ.

ಬರ್ನಬಿ_ಭೀಮ:
ನಾನು ದುಡ್ಡು ಕೊಟ್ಟೆ ಅಂತ ಯಾರು ಹೇಳಿದ್ದು ನಿಮಗೆ? ನಮ್ಮ ಮಾಲೀಕರು ಜಾಹೀರಾತು ಹಾಕಿ, 1,000 ಡಾಲರ್ ಫೀ ಅವರೇ ಕಟ್ಟಿ ಮಾಡಿಸಿದ್ದು. ಅರ್ಜಿ ನೀವೇ ಹಾಕಿಕೊಂಡಿರಿ, ಸಂತೋಷ. ಅದಕ್ಕೆ ಬೇರೆಯವರನ್ನೆಲ್ಲ ಕಳ್ಳರು ಅನ್ನಬೇಡಿ.

ಸಸ್ಕಾಟೂನ್_ಚಳಿ:
ಭೀಮ ಅವರೇ, ಫ್ರೆಂಚ್ ಕಲಿಯಿರಿ. 2025ರ ಮಾರ್ಚಲ್ಲೇ ಫ್ರೆಂಚ್ ಬರುವವರ ಡ್ರಾ (ಐಟಿಎ ಕೊಡುವ ಸುತ್ತು) 379 ಪಾಯಿಂಟ್‌ಗೆ ಬಂದಿತ್ತು, ಸಿಇಸಿ ಆ ವರ್ಷ ಇಡೀ 500ರ ಮೇಲೇ ಇತ್ತು.

ಬರ್ನಬಿ_ಭೀಮ:
ಎರಡು ಶಿಫ್ಟ್ ಮಾಡಿಕೊಂಡು ಫ್ರೆಂಚ್? ಹೇಳೋದು ಸುಲಭ.

ದುಬೈ_ಟು_ಹ್ಯಾಲಿಫ್ಯಾಕ್ಸ್:
ಹೊಸಬರೇ, ಇವರ ಜಗಳ ಬಿಡಿ. ಪೂರ್ತಿ ಕೇಸ್ ಕೊಡದಿದ್ದರೂ ಲಾಯರ್ ಹತ್ತಿರ ಒಂದು ಗಂಟೆ ಕನ್ಸಲ್ಟೇಶನ್ ತಗೊಳ್ಳಿ, ಆ ಲೆಟರ್ ತೋರಿಸಿ. ಹೆಂಡತಿ ಜೊತೆಗೆ ಬರಲಿ ಬಿಡಲಿ, ಅರ್ಜಿಯಲ್ಲಿ ಹೆಸರು ಹಾಕಿ, ಮೆಡಿಕಲ್ ಮಾಡಿಸಿ. ಅದೊಂದನ್ನು ಮಾತ್ರ ಬಿಡಬೇಡಿ.

ಎಡ್ಮಂಟನ್_ಅಮ್ಮ:
ಒಂದು ಗಂಟೆಗೆ ಎಷ್ಟು ತಗೊಳ್ಳುತ್ತಾರೆ ಅಂತಲೂ ಹೇಳಿ ಸರ್. ನನ್ನ ಎಕ್ಸೆಲ್ ಹಾಳೆ ಬೇಕಿದ್ದರೆ ಕೇಳಿ ಹೊಸಬರೇ, ಪುಕ್ಕಟೆ ಕಳಿಸುತ್ತೇನೆ.

ರಾತ್ರಿಪಾಳಿ:
ಎಕ್ಸೆಲ್ ಹಾಳೆ ನನಗೂ ಕಳಿಸಿ ಮೇಡಂ. ಈ ಸಲ ಪಾಸ್‌ವರ್ಡ್ ನನ್ನ ಹತ್ತಿರವೇ ಇದೆ.