ಐದು ಪಿರಿಯಡ್‌ನಲ್ಲಿ ಲ್ಯಾಟಿನೊ ಯುವ ಚಳವಳಿ: ಈ ಪಾಠಯೋಜನೆ ನಿಲ್ಲುತ್ತದೆಯೇ?

ಸೀಮೆಸುಣ್ಣ:
ಕ್ಯಾಲಿಫೋರ್ನಿಯಾದ 2021ರ ಎಬಿ 101 ಕಾಯ್ದೆ ಹೈಸ್ಕೂಲು ಮುಗಿಸುವವರಿಗೆ ಒಂದು ಸೆಮಿಸ್ಟರ್ ಎತ್ನಿಕ್ ಸ್ಟಡೀಸ್ (ಅಲ್ಪಸಂಖ್ಯಾತ ಜನಾಂಗಗಳ ಇತಿಹಾಸ, ಸಂಸ್ಕೃತಿಯ ಪಾಠ) ಇರಬೇಕು ಎನ್ನುತ್ತದೆ (ಸರ್ಕಾರ ಹಣ ಕೊಟ್ಟರೆ ಮಾತ್ರ ಕಡ್ಡಾಯ, ಅದು ಬೇರೆ ರಾಮಾಯಣ). ಅಲ್ಲಿನ ಕನ್ನಡದ ಮನೆಗಳ ಮಕ್ಕಳೂ ಈ ತರಗತಿಯಲ್ಲಿ ಕೂರುತ್ತಾರೆ. ಅವರಿಗಾಗಿ, 9 ಮತ್ತು 10ನೇ ತರಗತಿಯ ಮಟ್ಟಕ್ಕೆ, 50 ನಿಮಿಷದ ಐದು ಪಿರಿಯಡ್‌ಗಳ ಕರಡು ಹಾಕಿದ್ದೇನೆ.

ಮೊದಲನೆಯದು 1942–43: ಸ್ಲೀಪಿ ಲಗೂನ್ ಮೊಕದ್ದಮೆ (ಮೆಕ್ಸಿಕನ್ ಅಮೆರಿಕನ್ ಹುಡುಗರ ಮೇಲೆ ಕೊಲೆ ಆರೋಪ) ಮತ್ತು ಜೂಟ್ ಸೂಟ್ ಗಲಭೆ (ಆ ಸೂಟು ತೊಟ್ಟ ಹುಡುಗರ ಮೇಲಿನ ದಾಳಿ). ಎರಡನೆಯದು ಮೆಂಡೆಜ್ ಮೊಕದ್ದಮೆ, ಮೆಕ್ಸಿಕನ್ ಮೂಲದ ಮಕ್ಕಳನ್ನು ಬೇರೆ ಶಾಲೆಗೆ ಹಾಕುವುದರ ವಿರುದ್ಧ. ಮೂರನೆಯದು 1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಶಾಲೆಗಳ ವಾಕೌಟ್, ಮೆಕ್ಸಿಕನ್ ಅಮೆರಿಕನ್ ಮಕ್ಕಳು ತರಗತಿ ಬಿಟ್ಟು ಹೊರಬಂದ ಪ್ರತಿಭಟನೆ. ನಾಲ್ಕನೆಯದು ಟೆಕ್ಸಸ್‌ನ ಕ್ರಿಸ್ಟಲ್ ಸಿಟಿಯ ವಾಕೌಟ್, 1969. ಕೊನೆಯದರಲ್ಲಿ 1970ರ ಚಿಕಾನೊ ಮೊರಟೋರಿಯಂನಿಂದ (ವಿಯೆಟ್ನಾಂ ಯುದ್ಧದ ವಿರುದ್ಧ ಮೆಕ್ಸಿಕನ್ ಅಮೆರಿಕನ್ನರ ಮೆರವಣಿಗೆ) 2012ರ ಡಾಕಾವರೆಗೆ (DACA, ಚಿಕ್ಕವರಿದ್ದಾಗ ದಾಖಲೆಯಿಲ್ಲದೆ ಅಮೆರಿಕಕ್ಕೆ ಬಂದವರಿಗೆ ಗಡೀಪಾರಿನಿಂದ ರಕ್ಷಣೆ ಕೊಡುವ ಕಾರ್ಯಕ್ರಮ).

ಮೊದಲ ಪಿರಿಯಡ್‌ಗೆ ಬಟ್ಟೆಯೇ ಬಾಗಿಲು. ಮೊಣಕಾಲು ಮುಟ್ಟುವ ಕೋಟು, ದಿಂಬಿಟ್ಟು ಅಗಲಿಸಿದ ಭುಜ, ಎದೆಯವರೆಗೆ ಏರುವ ಪ್ಯಾಂಟು, ಅದು ಮೊಣಕಾಲಲ್ಲಿ ಜೋಲುಜೋಲು, ಕಣಕಾಲಲ್ಲಿ ಬಿಗಿ. ಪಚೂಕೊ ಹುಡುಗರ (ಈ ಶೋಕಿಯ ಮೆಕ್ಸಿಕನ್ ಅಮೆರಿಕನ್ ಹುಡುಗರಿಗಿದ್ದ ಹೆಸರು) ಈ ಜೂಟ್ ಸೂಟನ್ನು ಮಕ್ಕಳು ನೋಡಿ ಬರೀ ಗೆರೆಯಲ್ಲಿ ಬಿಡಿಸಬೇಕು, 8 ನಿಮಿಷ. ಆಮೇಲೆ ಹಾಳೆ: ‘1943ರ ಜೂನ್‌ನಲ್ಲಿ ಗಲಭೆ ನಡೆಯುತ್ತಿದ್ದಾಗ ಲಾಸ್ ಏಂಜಲೀಸ್ ನಗರಸಭೆ ಈ ಸೂಟನ್ನೇ ನಿಷೇಧಿಸಿತು.’ ಏಕೆ ಅಂತ ನಾಲ್ಕು ನಾಲ್ಕು ಜನರ ಗುಂಪಿನಲ್ಲಿ ಚರ್ಚೆ. ಯೋಜನೆ ನಿಲ್ಲುತ್ತಾ ಹೇಳಿ.

ಕಡತದಹುಳು:
‘ನಿಷೇಧಿಸಿತು’ ತಪ್ಪು. ನಗರಸಭೆ ಮಾಡಿದ್ದು ನಿರ್ಣಯ, ಸೂಟು ಸಾರ್ವಜನಿಕ ಪೀಡೆ ಎಂದು ಸಾರಬೇಕು ಅಂತ. ಅದು ಕಾನೂನಾಗಲೇ ಇಲ್ಲ. ಮೊದಲ ಹಾಳೆಯ ಮೊದಲ ಸಾಲೇ ಸುಳ್ಳಾದರೆ ಉಳಿದ ನಾಲ್ಕು ಪಿರಿಯಡ್ ಏನು ನೋಡುವುದು?

ಖಾರಾಬಾತ್:
ಕಾನೂನಾಗಲಿಲ್ಲವಂತೆ! 1942ರ ಮಾರ್ಚ್‌ನಲ್ಲೇ ವಾರ್ ಪ್ರೊಡಕ್ಷನ್ ಬೋರ್ಡು (ಯುದ್ಧಕಾಲದ ತಯಾರಿಕೆ ನೋಡ್ಕೊಳ್ತಿದ್ದ ಸರ್ಕಾರಿ ಮಂಡಳಿ) ಉಣ್ಣೆಬಟ್ಟೆ ಎಷ್ಟು ಬಳಸಬಹುದು ಅಂತ ಮಿತಿ ಹಾಕಿ ಆಗಿತ್ತು. ಆ ಅಳತೆಯೊಳಗೆ ಜೂಟ್ ಸೂಟ್ ಹೊಲಿಯೋಕೇ ಆಗ್ತಿರಲಿಲ್ಲ. ಹೊಲಿಯೋದೇ ತಪ್ಪಾದ ಮೇಲೆ ತೊಡೋದಕ್ಕೆ ಬೇರೆ ನಿಷೇಧ ಬೇಕಾ ಸಾರ್?

ಕಡತದಹುಳು:
ಬೇಕು. ಬೋರ್ಡಿನ ಆದೇಶ ತಯಾರಕರಿಗೆ, ತೊಟ್ಟವರಿಗಲ್ಲ. ಹಳೆಯ ಸೂಟು ಬೀರುವಿನಲ್ಲಿದ್ದರೆ ಯಾವ ಆದೇಶವೂ ತಡೆಯುತ್ತಿರಲಿಲ್ಲ. ಕದ್ದು ಹೊಲಿದುಕೊಡುವ ದರ್ಜಿಗಳೂ ಇದ್ದರು. ‘ತಯಾರಿಕೆ’ ಮತ್ತು ‘ಧಾರಣೆ’ ಎರಡು ಬೇರೆ ಪದ.

ಪೇಡೆಪ್ರಿಯ:
ಸೂಟಿಂದು ಇರ್ಲಿ ಬಿಡ್ರಿ. ನನ್ನ ಪ್ರಶ್ನಿ ಮೂರನೇ ಪಿರಿಯಡ್ ಬಗ್ಗೆ. ಮಕ್ಕಳಿಗೆ ಇತಿಹಾಸ ಕಲಸ್ತೀರೋ, ಸಾಲಿ ಬಿಟ್ಟು ಹೊರಗ ಹೋಗೂದು ಕಲಸ್ತೀರೋ? ಆ ವಾಕೌಟ್‌ದಾಗ ಸಂಚಿನ ಆರೋಪದ ಮ್ಯಾಲ ಸಿಕ್ಕವರು 13 ಮಂದಿ. ಅದರಾಗ ಸಾಲ್ ಕ್ಯಾಸ್ಟ್ರೊ ಲಿಂಕನ್ ಹೈಸ್ಕೂಲಿನ ಮಾಸ್ತರ್ರು, ಕಾರ್ಲೋಸ್ ಮುನ್ಯೋಸ್ ಕಾಲೇಜಿನಾವ. ಹಿಂದ ನಿಂತು ಆಡಿಸಿದವರು ದೊಡ್ಡವರು. ಇದಕ್ಕ ‘ಯುವ ಚಳವಳಿ’ ಅಂತ ಹೆಸರ ಬ್ಯಾರೆ.

ಖಾರಾಬಾತ್:
‘ಆಡಿಸಿದವರು’ ಅಂತೆ. ಬೇಡಿಕೆ ಪಟ್ಟಿ ಓದಿದ್ದೀರಾ? ಊಟದ ಹೊತ್ತಲ್ಲಿ ಶೌಚಾಲಯಕ್ಕೆ ಬೀಗ ಹಾಕಬೇಡಿ ಅಂತ ಇದೆ. ಶಿಕ್ಷೆ ಅಂತ ನಮ್ಮ ಕೈಲಿ ಕಸ ಗುಡಿಸಿಸಬೇಡಿ ಅಂತ ಇದೆ. ದೊಡ್ಡವರು ಬರೆಯೋ ಬೇಡಿಕೆನಾ ಅದು? ಲಿಂಕನ್‌ನಲ್ಲಿ ಪೌಲಾ ಕ್ರಿಸೊಸ್ಟೊಮೊ ಅನ್ನೋ ವಿದ್ಯಾರ್ಥಿನಿ ಮೊದಲೇ ಸಮೀಕ್ಷೆ ಮಾಡ್ಕೊಂಡು ಓಡಾಡ್ತಿದ್ದಳು. ವಿಲ್ಸನ್ ಹೈಸ್ಕೂಲಿನವರು ಮಾರ್ಚ್ 1ಕ್ಕೇ, ಯಾರ ಮಾತಿಗೂ ಕಾಯದೆ, ಶಾಲೆಯ ನಾಟಕ ರದ್ದು ಮಾಡಿದ್ದಕ್ಕೆ ಎದ್ದು ಹೊರಗೆ ಬಂದರು. ದೊಡ್ಡವರ ಲೆಕ್ಕಾಚಾರ ಅಲ್ಲೇ ತಲೆಕೆಳಗಾಯಿತು.

ಪೇಡೆಪ್ರಿಯ:
ನಾಟಕ ರದ್ದಾತು ಅಂತ ಸಾಲಿ ಬಿಟ್ಟರು. ನೀವೇ ಹೇಳಿದ್ರಿ, ನಾ ಹೇಳಿಲ್ಲ.

ತುಂಗಾತೀರ:
ನನ್ನ ತಕರಾರು ಬೇರೆ. ಶೀರ್ಷಿಕೆಯಲ್ಲಿ ‘ಲ್ಯಾಟಿನೊ’ ಎಂದಿದೆ, ಐದು ಪಿರಿಯಡ್‌ಗಳಲ್ಲಿ ಇರುವುದು ಮೆಕ್ಸಿಕನ್ ಅಮೆರಿಕನ್ನರು ಮಾತ್ರ. ಪೋರ್ಟೊ ರಿಕೊ ಎಲ್ಲಿ? ಯಂಗ್ ಲಾರ್ಡ್ಸ್ ಎಲ್ಲಿ? ಷಿಕಾಗೋದ ಲಿಂಕನ್ ಪಾರ್ಕ್‌ನ ಯಂಗ್ ಲಾರ್ಡ್ಸ್ ಎಂಬ ಪೋರ್ಟೊ ರಿಕನ್ ಬೀದಿ ಗ್ಯಾಂಗನ್ನು 1968ರಲ್ಲಿ ಹೊಸೆ ‘ಚಾ ಚಾ’ ಹಿಮೆನೆಜ್ ರಾಜಕೀಯ ಸಂಘಟನೆ ಮಾಡಿದರು, ಮರುವರ್ಷ ನ್ಯೂಯಾರ್ಕಿಗೂ ಬಂತು. 1969ರ ಬೇಸಿಗೆಯಲ್ಲಿ ಪೂರ್ವ ಹಾರ್ಲೆಮ್‌ನ ಹುಡುಗ ಹುಡುಗಿಯರು ನಗರದ ನೈರ್ಮಲ್ಯ ಇಲಾಖೆಗೆ ಪೊರಕೆ ಕೇಳಿದರು. ಕೊಡಲಿಲ್ಲ. ಕಸವನ್ನೇ ರಸ್ತೆಗೆ ಅಡ್ಡ ರಾಶಿ ಹಾಕಿ ಸಂಚಾರ ನಿಲ್ಲಿಸಿದರು. ಆಮೇಲೆ ಮನೆಮನೆಗೆ ಹೋಗಿ ಮಕ್ಕಳಿಗೆ ಸೀಸದ ವಿಷದ ಪರೀಕ್ಷೆ. 1970ರ ಜುಲೈ 14ಕ್ಕೆ ದಕ್ಷಿಣ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಯನ್ನೇ ವಶ ಮಾಡಿಕೊಂಡರು. ಹದಿನಾರರ ಮಕ್ಕಳಿಗೆ ಸೂಟಿನ ಗೆರೆಗಿಂತ ಇದು ಬೇಗ ಹತ್ತುತ್ತದೆ. ಇನ್ನೊಂದು ಮಾತು: ಪೋರ್ಟೊ ರಿಕೊದವರು 1917ರಿಂದ ಅಮೆರಿಕದ ಪ್ರಜೆಗಳು. ಅದನ್ನು ಮೊದಲೇ ಹೇಳದಿದ್ದರೆ ಮಕ್ಕಳು ಎಲ್ಲರನ್ನೂ ‘ವಲಸಿಗರು’ ಎಂಬ ಒಂದೇ ಡಬ್ಬಿಗೆ ಹಾಕುತ್ತಾರೆ. ಉತ್ತರ ಪತ್ರಿಕೆಯಲ್ಲಿ ಅತಿ ಹೆಚ್ಚು ಬರುವ ತಪ್ಪು ಇದೇ.

ಸೀಮೆಸುಣ್ಣ:
‘ಪೋರ್ಟೊ ರಿಕೊ ಎಲ್ಲಿ’ ಎಂದು ಕೇಳಿದಿರಿ. ಎರಡನೇ ಪಿರಿಯಡ್‌ನಲ್ಲಿದೆ. ಫೆಲಿಸಿಟಾಸ್ ಮೆಂಡೆಜ್ ಹುಟ್ಟಿದ್ದೇ ಪೋರ್ಟೊ ರಿಕೊದಲ್ಲಿ.

ತುಂಗಾತೀರ:
ಇದು ವಕೀಲರ ಉತ್ತರ, ಮೇಷ್ಟರದ್ದಲ್ಲ. ಅಷ್ಟಕ್ಕೂ ಮೆಂಡೆಜ್ ಯುವ ಚಳವಳಿ ಹೇಗಾದೀತು? ಆರೆಂಜ್ ಕೌಂಟಿಯ ನಾಲ್ಕು ಶಾಲಾ ಜಿಲ್ಲೆಗಳ ಮೇಲೆ ದಾವೆ ಹೂಡಿದ್ದು ಐವರು ತಂದೆಯರು. 1947ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು, ಮಕ್ಕಳು ಅದರ ಫಲ ಉಂಡರು. ಆ ಪಿರಿಯಡ್ ತೆಗೆದರೆ ಯಂಗ್ ಲಾರ್ಡ್ಸ್‌ಗೆ ಜಾಗ ಆಗುತ್ತದೆ.

ಕಡತದಹುಳು:
ಸೂಟಿನ ಸಾಲು ಇನ್ನೂ ತಿದ್ದಿಲ್ಲ.

ಸೀಮೆಸುಣ್ಣ:
ತಿದ್ದುವ ಅಗತ್ಯ ಕಾಣುತ್ತಿಲ್ಲ. ಇದು 14–15ರ ಮಕ್ಕಳ ಹಾಳೆ. ‘ನಿಷೇಧಿಸಲು ಉದ್ದೇಶಿಸಿ ನಿರ್ಣಯ ಅಂಗೀಕರಿಸಿತಾದರೂ ಅದು ಶಾಸನದ ರೂಪ ತಳೆಯಲಿಲ್ಲ’ ಅಂತ ಬರೆದರೆ ಅರ್ಧ ತರಗತಿ ಆಕಳಿಸುತ್ತದೆ.

ಕಡತದಹುಳು:
ಆಕಳಿಸುವುದಿಲ್ಲ, ಎಚ್ಚರಾಗುತ್ತದೆ. ಪಾಠದ ತಿರುಳೇ ಆ ಸಾಲಿನಲ್ಲಿದೆ. ಸೂಟು ಕಾನೂನುಬಾಹಿರ ಆಗಿದ್ದರೆ ಜೂನ್ 4ರಂದು ನೌಕಾಪಡೆಯ ಸುಮಾರು 200 ನಾವಿಕರು 20ರಷ್ಟು ಟ್ಯಾಕ್ಸಿ ಹಿಡಿದು ಬಂದು ಹುಡುಗರನ್ನು ಬಡಿದು ಬಟ್ಟೆ ಕಿತ್ತದ್ದು ಏನೋ ಕಾನೂನು ಜಾರಿ ಮಾಡಿದ ಹಾಗೆ ಕಾಣುತ್ತದೆ. ಹಾಗಿರಲಿಲ್ಲ. ತೊಟ್ಟವರು ಯಾವ ಕಾನೂನನ್ನೂ ಮುರಿದಿರಲಿಲ್ಲ, ಹೊಡೆದವರು ಮುರಿದಿದ್ದರು. ಆದರೂ ಪೊಲೀಸರು ಬಂಧಿಸಿದ್ದು ಏಟು ತಿಂದ ಹುಡುಗರನ್ನು, 500ಕ್ಕೂ ಹೆಚ್ಚು ಜನರನ್ನು. ನಿಮ್ಮ ಒಂದು ‘ನಿಷೇಧಿಸಿತು’ ಇಷ್ಟನ್ನೂ ನುಂಗಿತು.

ಖಾರಾಬಾತ್:
ಅಂದರೆ ನಗರಸಭೆಗೆ ಕ್ಲೀನ್ ಚಿಟ್! ಭೇಷ್.

ಕಡತದಹುಳು:
ಎಲ್ಲಿ ಬರೆದೆ ಹಾಗಂತ? ಓದಿ ಮಾತಾಡಿ.

ಖಾರಾಬಾತ್:
ಓದಿಯೇ ಮಾತಾಡ್ತಿರೋದು. ಕಾಗದದ ಮೇಲೆ ಮೊಹರು ಬಿತ್ತಾ ಇಲ್ವಾ ಅನ್ನೋದೊಂದೇ ನಿಮಗೆ ಇತಿಹಾಸ. ಬೀದಿಯಲ್ಲಿ ಬೆತ್ತಲಾಗಿ ನಿಂತ ಹುಡುಗನ ಹತ್ರ ಹೋಗಿ ‘ಕಾನೂನಾಗಿಲ್ಲ ಕಣಪ್ಪಾ’ ಅಂತ ಹೇಳಿ ಬನ್ನಿ.

ಪೇಡೆಪ್ರಿಯ:
‘ಏಟು ತಿಂದ ಹುಡುಗರು’ ಅಂತೀರಿ. ನಾವಿಕರ ಕೂಡ ಪಚೂಕೊ ಹುಡುಗರ ಜಗಳ ಅದಕ್ಕೂ ಮೊದಲ ವಾರಗಟ್ಟಲೆ ನಡದಿತ್ತು, ನಾವಿಕರೂ ಏಟು ತಿಂದಿದ್ರು. ಅದನ್ನ ಯಾಕ ಹಾಳ್ಯಾಗ ಬರದಿಲ್ಲ? ಒಂದ ಕಡೆ ವಾಲಿದ ತಕ್ಕಡಿ ಇದು.

ತುಂಗಾತೀರ:
ವಾಲಿದೆ, ಒಪ್ಪಿದೆ, ಆದರೆ ನೀವು ಹೇಳಿದ ಕಡೆಗಲ್ಲ. ಇಷ್ಟೂ ಹೊತ್ತು ಬರೀ ಹುಡುಗರು. ಸ್ಲೀಪಿ ಲಗೂನ್‌ನಲ್ಲಿ 22 ಜನರ ಮೇಲೆ ಆರೋಪ, 1943ರ ಜನವರಿಯಲ್ಲಿ 17 ಜನರಿಗೆ ಶಿಕ್ಷೆ, 1944ರ ಅಕ್ಟೋಬರ್‌ನಲ್ಲಿ ಮೇಲಿನ ಕೋರ್ಟಿನಲ್ಲಿ ಎಲ್ಲ ರದ್ದು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದೇ ಪ್ರಕರಣದ ಹುಡುಗಿಯರಲ್ಲಿ ಕೆಲವರನ್ನು ವಿಚಾರಣೆಯೇ ಇಲ್ಲದೆ ವೆಂಚುರಾದ ಬಾಲಕಿಯರ ಸುಧಾರಣಾ ಶಾಲೆಗೆ ಅಟ್ಟಿದರು. ರದ್ದಾಗಲು ಅವರಿಗೆ ತೀರ್ಪೇ ಇರಲಿಲ್ಲ. ಪಚೂಕಾ ಹುಡುಗಿಯರೂ ಆ ಉದ್ದ ಕೋಟು ತೊಡುತ್ತಿದ್ದರು. ಬಿಡಿಸುವ ಚಿತ್ರದಲ್ಲಿ ಅವರನ್ನೂ ಸೇರಿಸಿ. ಯಂಗ್ ಲಾರ್ಡ್ಸ್ ಸೇರಿಸಿದರೆ ಅವರ 13 ಅಂಶಗಳ ಕಾರ್ಯಕ್ರಮದ ಎರಡು ಆವೃತ್ತಿಗಳನ್ನು ಪಕ್ಕಪಕ್ಕ ಕೊಡಿ. ಮೊದಲನೆಯದರಲ್ಲಿ ‘ಗಂಡಸುತನದ ಹಮ್ಮು (ಮಚೀಸ್ಮೊ) ಕ್ರಾಂತಿಕಾರಿಯಾಗಬೇಕು’ ಎಂಬ ಅರ್ಥದ ಸಾಲಿತ್ತು. ಡೆನಿಸ್ ಆಲಿವರ್, ಐರಿಸ್ ಮೊರಾಲೆಸ್ ಮುಂತಾದ ಹೆಂಗಸರು ಒಳಗೇ ಜಗಳವಾಡಿ 1970ರಲ್ಲಿ ಅದನ್ನು ಹೊಡೆಸಿಹಾಕಿದರು, ಹೆಣ್ಣಿನ ಸಮಾನತೆಯ ಬೇಡಿಕೆ ಬಂತು. ಎರಡು ಸಾಲು ಓದಲು ಐದು ನಿಮಿಷ, ಏನು ಬದಲಾಯಿತು ಎಂದು ಮಾತಾಡಲು ಹದಿನೈದು.

ಖಾರಾಬಾತ್:
ಗ್ಯಾಂಗ್‌ನಿಂದ ಬಂದ ಸಂಘಟನೆ ಅಂತ ಹೇಳಿದ ತಕ್ಷಣ ಮಕ್ಕಳ ತಲೆಯಲ್ಲಿ ಸಿನಿಮಾ ಓಡುತ್ತೆ. ಅದಕ್ಕಿಂತ ವಾಕೌಟ್‌ನ ಹಾಜರಿ ಲೆಕ್ಕ ಕೊಡಿ. ದಿನದ ಹಾಜರಿ ಮೇಲೆ ಶಾಲೆಗೆ ರಾಜ್ಯದ ಹಣ ಬರ್ತಿತ್ತು. ಹೋಮ್‌ರೂಮ್‌ನಲ್ಲಿ ಹಾಜರಿ ಕರೆಯೋಕೆ ಮುಂಚೆ ಹೊರಗೆ ಹೋದರೆ ಆ ದಿನದ ದುಡ್ಡು ಹೋಯ್ತು. ಹಲಗೆ ಮೇಲೆ ಒಂದು ಕಾಲ್ಪನಿಕ ಲೆಕ್ಕ ಹಾಕಿಸಿ: 2,000 ಮಕ್ಕಳು, ತಲೆಗೆ ದಿನಕ್ಕೆ 3 ಡಾಲರ್, 1,500 ಜನ ಹೊರಗೆ. ಒಂದು ದಿನಕ್ಕೆ 4,500 ಡಾಲರ್ ಖೋತಾ. ‘ಕಾಲ್ಪನಿಕ’ ಅಂತ ದಪ್ಪಕ್ಷರದಲ್ಲಿ ಬರೀಬೇಕು, ಇಲ್ಲಾಂದ್ರೆ ಅದನ್ನೇ ಪರೀಕ್ಷೆಯಲ್ಲಿ ಇತಿಹಾಸ ಅಂತ ಗೀಚ್ತಾರೆ. ಘೋಷಣೆಗಿಂತ ಗಣಿತಕ್ಕೆ ಶಾಲಾ ಬೋರ್ಡು ಬಗ್ಗಿತು ಅನ್ನೋದು ಮಕ್ಕಳಿಗೇ ಹೊಳೆಯುತ್ತೆ. ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಏಟು ಅನ್ನೋ ಭಾಗ ಬಂದಾಗ ಕನ್ನಡ ಮಾತಾಡಿದರೆ ದಂಡ ಹಾಕ್ತಿದ್ದ ಕಾನ್ವೆಂಟ್‌ಗಳನ್ನ ನೆನಪಿಸಿ, ಇನ್ನೂ ಬೇಗ ಹತ್ತುತ್ತೆ.

ಕಡತದಹುಳು:
ಎಲ್ಲವನ್ನೂ ತಂದು ನಮ್ಮ ಕಂಬಕ್ಕೇ ಕಟ್ಟಬೇಡಿ. ದಂಡ ಬೇರೆ, ಮರದ ಹಲಗೆಯಿಂದ ಹೊಡೆದ ಏಟು ಬೇರೆ. ಇನ್ನು ‘ಗಣಿತಕ್ಕೆ ಬೋರ್ಡು ಬಗ್ಗಿತು’ ಎಂದರೇನು? ಬಹುಪಾಲು ಬೇಡಿಕೆಗೆ ಹಣವಿಲ್ಲ ಎಂದರು ಬೋರ್ಡಿನವರು. ಕ್ಯಾಸ್ಟ್ರೊ ಅವರನ್ನು ಮರಳಿ ತರಗತಿಗೆ ತರಲಿಕ್ಕೇ ಬೋರ್ಡಿನ ಕಚೇರಿಯಲ್ಲಿ ದಿನಗಟ್ಟಲೆ ಧರಣಿ ಕೂರಬೇಕಾಯಿತು.

ಪೇಡೆಪ್ರಿಯ:
ನೋಡ್ರಿ, ಏನೂ ಸಿಗಲಿಲ್ಲ ಅಂತ ಅವರ ಮಂದೀನ ಹೇಳಾಕತ್ತಾರ. ಇಂಥಾ ಪಾಠ ಕಲಿಸಿದ್ದಕ್ಕ ಅರಿಜೋನಾದಾಗ 2010ರಾಗ ಕಾನೂನು ತಂದು ಟೂಸಾನ್‌ನ ಮೆಕ್ಸಿಕನ್ ಅಮೆರಿಕನ್ ಸ್ಟಡೀಸ್ ಬಂದ್ ಮಾಡಿಸಿದ್ರು. 2013ರಾಗ ಫೆಡರಲ್ ನ್ಯಾಯಾಧೀಶರೂ ಆ ಕಾನೂನಿನ ಬಹಳಷ್ಟು ಭಾಗ ಎತ್ತಿ ಹಿಡದ್ರು.

ಸೀಮೆಸುಣ್ಣ:
2013ಕ್ಕೇ ಓದು ನಿಲ್ಲಿಸಿದಿರಾ? ಅದೇ ನ್ಯಾಯಾಧೀಶ ವ್ಯಾಲೆಸ್ ತಾಶಿಮಾ 2017ರ ಆಗಸ್ಟ್‌ನಲ್ಲಿ, ಕಾನೂನು ತಂದದ್ದೂ ಜಾರಿ ಮಾಡಿದ್ದೂ ಜನಾಂಗ ದ್ವೇಷದಿಂದಲೇ ಎಂದು ತೀರ್ಪು ಕೊಟ್ಟರು. ಅದಕ್ಕೂ ಮೊದಲು, 2011ರಲ್ಲಿ, ರಾಜ್ಯವೇ ದುಡ್ಡು ಕೊಟ್ಟು ಮಾಡಿಸಿದ ಲೆಕ್ಕತಪಾಸಣೆ ಈ ಪಾಠಗಳು ಕಾನೂನು ಮುರಿದಿಲ್ಲ ಎಂದಿತ್ತು. ಆದರೂ ಮುಚ್ಚಿಸಿದರು.

ಪೇಡೆಪ್ರಿಯ:
2017ರ ಹೊತ್ತಿಗೆ ಆ ಪಾಠ ಬಂದಾಗಿ ಐದು ವರ್ಷ ಆಗಿತ್ತು. ಯಾರ ಗೆದ್ದರು?

ತುಂಗಾತೀರ:
ಕ್ರಿಸ್ಟಲ್ ಸಿಟಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಚಿಯರ್‌ಲೀಡರ್ ಗಲಾಟೆ ಎಂದು ಮಕ್ಕಳು ನಗುತ್ತಾರೆ, ಅಲ್ಲೇ ಹಿಡಿಯಬೇಕು. ಬಹುಸಂಖ್ಯಾತ ಮೆಕ್ಸಿಕನ್ ಅಮೆರಿಕನ್ ವಿದ್ಯಾರ್ಥಿಗಳಿದ್ದ ಶಾಲೆಯಲ್ಲಿ ನಾಲ್ವರು ಚಿಯರ್‌ಲೀಡರ್‌ಗಳಲ್ಲಿ ಅವರಿಗೆ ಒಂದೇ ಜಾಗ. ಹೋಮ್‌ಕಮಿಂಗ್ ರಾಣಿ (ಶಾಲೆಯ ವಾರ್ಷಿಕ ಉತ್ಸವದ ರಾಣಿ) ಆಗಬೇಕಾದರೆ ತಂದೆ ಅಥವಾ ತಾಯಿ ಅದೇ ಹೈಸ್ಕೂಲಿನಲ್ಲಿ ಪಾಸಾಗಿರಬೇಕು ಎಂಬ ನಿಯಮ. ನಿಯಮದಲ್ಲಿ ಜನಾಂಗದ ಹೆಸರೇ ಇಲ್ಲ. ಈ ಒಂದು ಸಾಲು ಓದಿಸಿ, ಯಾರು ಹೊರಗುಳಿಯುತ್ತಾರೆ ಎಂದು ಕೇಳಿ, ಎರಡು ನಿಮಿಷ ಸುಮ್ಮನಿರಿ. ಮೇಷ್ಟರು ಬಾಯಿ ಬಿಟ್ಟರೆ ಕೆಟ್ಟಿತು. 1969ರ ಡಿಸೆಂಬರ್‌ನಲ್ಲಿ ಹೊರಬಂದರು, ಸೆವೆರಿಟಾ ಲಾರಾ ಮತ್ತು ಇನ್ನಿಬ್ಬರು ವಾಷಿಂಗ್ಟನ್‌ಗೇ ಹೋದರು. ಜನವರಿಯಲ್ಲಿ ಶಾಲಾ ಮಂಡಳಿ ಒಪ್ಪಿತು. ಏಪ್ರಿಲ್‌ನ ಚುನಾವಣೆಯಲ್ಲಿ ಮೆಕ್ಸಿಕನ್ ಅಮೆರಿಕನ್ನರ ಲಾ ರಾಸಾ ಉನಿದಾ ಪಕ್ಷ ಅದೇ ಮಂಡಳಿಯ ಕುರ್ಚಿಗಳನ್ನೇ ಗೆದ್ದಿತು.

ಖಾರಾಬಾತ್:
‘ಜನಾಂಗದ ಹೆಸರೇ ಇಲ್ಲ’. ಸೂಟಿನ ನಿರ್ಣಯದಲ್ಲೂ ಇರಲಿಲ್ಲ! ಬಟ್ಟೆ ಹೆಸರು ಹೇಳಿ ಮೈಬಣ್ಣಕ್ಕೆ ಹೊಡೆದರು. ಕರಿಯ ಹುಡುಗರಿಗೂ ಫಿಲಿಪಿನೋ ಹುಡುಗರಿಗೂ ಬಿತ್ತು. ನಾನು ಹೇಳ್ತಿದ್ದದ್ದು ಇದನ್ನೇ.

ಕಡತದಹುಳು:
ನೀವು ಹೇಳುತ್ತಿದ್ದದ್ದು ನಿಷೇಧ ಆಗಿತ್ತು ಅಂತ. ಮೇಲೆ ಇದೆ, ಅಳಿಸಿಲ್ಲ.

ಖಾರಾಬಾತ್:
ನಿಮ್ಮ ಮೂಗಿಗೆ ಒಂದು ಭೂತಗನ್ನಡಿ ಹೊಲಿದು ಕೊಡ್ತೀನಿ, ಬೋರ್ಡಿನ ಅಳತೆಯೊಳಗೇ.

ನಿರ್ವಾಹಕ:
ಖಾರಾಬಾತ್, ಮೂಗಿನ ವಿಷಯ ಬೇಡ. ಪಾಠಯೋಜನೆಯ ಬಗ್ಗೆ ಬರೆಯಿರಿ.

ಸೀಮೆಸುಣ್ಣ:
ಹೊಸ ಕರಡು. ಮೆಂಡೆಜ್ ಉಳಿಯುತ್ತದೆ, ಆದರೆ ಮೊದಲ ಪಿರಿಯಡ್‌ನ ಕೊನೆಯ 10 ನಿಮಿಷಕ್ಕೆ ಇಳಿದಿದೆ. ಯಂಗ್ ಲಾರ್ಡ್ಸ್‌ಗೆ ಎರಡನೇ ಪಿರಿಯಡ್ ಕೊಟ್ಟಿದ್ದೇನೆ, ಕಾಲಾನುಕ್ರಮ ಕೆಡುವುದು ಗೊತ್ತು. ಹಾಜರಿ ಲೆಕ್ಕ ಮೂರನೆಯದಕ್ಕೆ, ‘ಕಾಲ್ಪನಿಕ’ ಸಮೇತ. ಸೂಟಿನ ಸಾಲು ಈಗ ಹೀಗಿದೆ: ‘1943ರ ಜೂನ್ 9ರಂದು, ಗಲಭೆ ನಡೆಯುತ್ತಿದ್ದಾಗ, ನಗರಸಭೆ ಈ ಸೂಟನ್ನು ನಿಷೇಧಿಸಲು ನಿರ್ಣಯಿಸಿತು. ಅದು ಕಾನೂನಾಗಲಿಲ್ಲ.’ ಇದು ಭಾಷೆಯ ತಿದ್ದುಪಡಿ ಅಷ್ಟೇ, ಮೊದಲಿನದು ತಪ್ಪು ಎಂದಲ್ಲ.

ತುಂಗಾತೀರ:
ಕಾಲಾನುಕ್ರಮ ಕೆಡಿಸಿ ಎಂದು ನಾನು ಹೇಳಿರಲಿಲ್ಲ. ಮೆಂಡೆಜ್ ತೆಗೆಯಿರಿ ಎಂದಿದ್ದೆ. ವೆಂಚುರಾದ ಹುಡುಗಿಯರು ಈ ಕರಡಿನಲ್ಲೂ ಇಲ್ಲ.

ಕಡತದಹುಳು:
‘ಗಲಭೆ ನಡೆಯುತ್ತಿದ್ದಾಗ’ ತಪ್ಪು. 8ನೇ ತಾರೀಖಿಗೇ ಸೇನೆ ತನ್ನವರಿಗೆ ಲಾಸ್ ಏಂಜಲೀಸ್ ಪ್ರವೇಶ ನಿಷೇಧಿಸಿತ್ತು. ನಿರ್ಣಯದ ಹೊತ್ತಿಗೆ ಮುಖ್ಯ ಗಲಭೆ ಮುಗಿದಿತ್ತು.

ಖಾರಾಬಾತ್:
ಓಹೋ, ಇಲ್ಲಿ ‘ನಿಷೇಧಿಸಿತ್ತು’ ಅಂತ ಬರೀಬಹುದಾ? ಮೊಹರು ನೋಡಿದ್ರಾ?