ಸಹಾಯ ಬೇಕು: ಐಟಿಐ ಮಕ್ಕಳು ನಡುವೆಯೇ ಬಿಡದಂತೆ ಏನು ಮಾಡಬಹುದು?

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಒಂದು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಬೋಧಕ. ಕೋರ್ಸು ಎರಡು ವರ್ಷದ್ದು. ಪ್ರವೇಶದ ಹೊತ್ತಿಗೆ ತುಂಬಿರುವ ತರಗತಿ, ದೀಪಾವಳಿ ಕಳೆದು ಹತ್ತಿ ಬಿಡಿಸುವ ಕೆಲಸ ಜೋರಾಗುತ್ತಿದ್ದಂತೆ ತೆಳ್ಳಗಾಗುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಕೆಲವರು ಮನೆಯವರೊಡನೆ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಹೋದವರಲ್ಲಿ ಮರಳಿ ಬಂದವರನ್ನು ನಾನು ಕಂಡದ್ದು ಕಡಿಮೆ. ಶೇ. 80ರಷ್ಟು ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲವಾದ್ದರಿಂದ, ಎರಡು ತಿಂಗಳು ತಪ್ಪಿಸಿದ ಹುಡುಗ ಇನ್ನು ಬಂದು ಪ್ರಯೋಜನವೇನು ಎಂದು ತಾನೇ ಕೈಬಿಡುತ್ತಾನೆ.

ಹುಡುಗರಿಗೆ ಆಸಕ್ತಿಯಿಲ್ಲ ಎಂಬ ನಮ್ಮ ಸಿಬ್ಬಂದಿಯ ಮಾತನ್ನು ನಾನು ಒಪ್ಪುವುದಿಲ್ಲ. ಮೋಟಾರ್ ವೈಂಡಿಂಗ್ ಕೈಗೆ ಕೊಟ್ಟ ದಿನ ಊಟದ ಗಂಟೆ ಹೊಡೆದರೂ ಏಳದವರು, ಓಮ್‌ನ ನಿಯಮವನ್ನು ಬರೀ ಹಲಗೆಯ ಮೇಲೆ ಬರೆದ ವಾರ ಮಾಯವಾಗುತ್ತಾರೆ. ಆದ್ದರಿಂದ ಮೊದಲ ತಿಂಗಳಿನಿಂದಲೇ ಪ್ರಾಯೋಗಿಕ ಕೆಲಸವನ್ನು ಹೆಚ್ಚಿಸಿದ್ದೇನೆ, ಸತತ ಮೂರು ದಿನ ಬಾರದವರ ಮನೆಗೆ ಫೋನು ಮಾಡುತ್ತಿದ್ದೇನೆ. ಆದರೆ ಬಹಳಷ್ಟು ನಂಬರುಗಳು ಚಾಲ್ತಿಯಲ್ಲೇ ಇರುವುದಿಲ್ಲ.

ಕಲಬುರಗಿ, ಬೀದರ್ ಕಡೆಯ ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ ಇಷ್ಟು: ಸುಗ್ಗಿಯ ತಿಂಗಳುಗಳಲ್ಲಿ ವೇಳಾಪಟ್ಟಿಯನ್ನು ಹೇಗೆ ಹೊಂದಿಸಿಕೊಂಡಿದ್ದೀರಿ? ಗುಳೆ ಹೋಗುವ ಮನೆಯ ಮಗನನ್ನು ಹಾಸ್ಟೆಲಿನಲ್ಲಿ ಉಳಿಸಿಕೊಳ್ಳಲು ತಂದೆತಾಯಿಯನ್ನು ಒಪ್ಪಿಸಿದವರಿದ್ದರೆ, ಅವರೊಡನೆ ಏನು ಮಾತಾಡಿದಿರಿ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.