ನೇಪಾಳದ ಸರಕಿಗೆ ಸುಂಕವಿಲ್ಲ; ಆದರೂ ಬಂದರಿನ ಬಿಲ್ಲು ಏಕೆ ಭಾರವಾಗುತ್ತದೆ?

ಪ್ರಶ್ನೆ: ಅರ್ಥಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ

ಮಾನ್ಯರೇ, ಸ್ನಾತಕೋತ್ತರ ಪದವಿಯ ಪ್ರಬಂಧಕ್ಕಾಗಿ ಸಮುದ್ರ ತೀರವಿಲ್ಲದ ನೇಪಾಳದ ಟ್ರಾನ್ಸಿಟ್ ವ್ಯಾಪಾರವನ್ನು, ಅಂದರೆ ಭಾರತದ ಮೂಲಕ ಹಾದುಹೋಗುವ ವ್ಯಾಪಾರವನ್ನು ಅಭ್ಯಾಸ ಮಾಡುತ್ತಿದ್ದೇನೆ. ಹಾದುಹೋಗುವ ಸರಕಿನ ಮೇಲೆ ಕಸ್ಟಮ್ಸ್ ಸುಂಕವನ್ನಾಗಲಿ ತೆರಿಗೆಯನ್ನಾಗಲಿ ಹಾಕಬಾರದೆಂದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 127ನೇ ವಿಧಿ ಹೇಳುತ್ತದೆ. ಕೋಲ್ಕತ್ತದಲ್ಲಿ ಇಳಿದು ಬಿಹಾರದ ಗಡಿ ಊರು ರಕ್ಸೌಲ್ ಮಾರ್ಗವಾಗಿ ನೇಪಾಳದ ಬೀರ್‌ಗಂಜ್‌ಗೆ ಹೋಗುವ ಸರಕಿಗೆ ಭಾರತವೂ ಆಮದು ಸುಂಕ ವಿಧಿಸುವುದಿಲ್ಲ. ಹಾಗಿದ್ದರೂ ನೇಪಾಳದ ಆಮದುದಾರರು ಬಂದರಿನ ವೆಚ್ಚದ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. ಬಂದರಿನ ದರಪಟ್ಟಿಯೇ ದುಬಾರಿಯೇ? ದರ ಇಳಿಸಿದರೆ ಅವರ ವ್ಯಾಪಾರ ಅಗ್ಗವಾದೀತೇ?

ಉತ್ತರ 1: ಸರಕು ಸಾಗಣೆ ಉದ್ಯೋಗಿ, ಮಂಗಳೂರು

ನಾನು ಕೆಲವು ವರ್ಷ ಕೋಲ್ಕತ್ತದಲ್ಲಿ ನೇಪಾಳದ ಕಂಟೇನರ್‌ಗಳ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಆ ಅನುಭವದಿಂದ ಹೇಳುವುದಾದರೆ, ಕಂಟೇನರನ್ನು ಹಡಗಿನಿಂದ ಇಳಿಸಿ ಯಾರ್ಡಿನಲ್ಲಿ ಇಡುವುದಕ್ಕೆ ಬಂದರು ಪಡೆಯುವ ಶುಲ್ಕ ಆಮದುದಾರರ ಲೆಕ್ಕವನ್ನು ಬುಡಮೇಲು ಮಾಡುವಂಥದ್ದಲ್ಲ. ಅವರನ್ನು ಕಾಡುವುದು ದಿನಗಳ ಲೆಕ್ಕದಲ್ಲಿ ಏರುತ್ತಾ ಹೋಗುವ ಎರಡು ಬಾಬತ್ತುಗಳು. ಸರಕು ಉಚಿತ ಅವಧಿ ಮೀರಿ ಯಾರ್ಡಿನಲ್ಲಿ ಉಳಿದರೆ ಡೆಮರೇಜ್. ಖಾಲಿ ಕಂಟೇನರನ್ನು ಹಡಗು ಕಂಪನಿಗೆ ಹೊತ್ತಿಗೆ ಸರಿಯಾಗಿ ಮರಳಿಸದಿದ್ದರೆ ಡಿಟೆನ್ಷನ್. ಎರಡಕ್ಕೂ ಮೆಟ್ಟಿಲು ದರ ಇರುವುದೇ ವಾಡಿಕೆ, ಅಂದರೆ ತಡವಾದಷ್ಟೂ ದಿನದ ದರವೇ ಹೆಚ್ಚುತ್ತದೆ.

ಭಾರತದ ಆಮದುದಾರನ ಗೋದಾಮು ಹೌರಾದಲ್ಲಿದ್ದರೆ ಅವನು ಲಾರಿ ಕಳಿಸಿ ಎರಡು ದಿನದಲ್ಲಿ ಖಾಲಿ ಪೆಟ್ಟಿಗೆಯನ್ನು ಹಿಂದಿರುಗಿಸುತ್ತಾನೆ. ನೇಪಾಳದವನ ಪೆಟ್ಟಿಗೆ ಬೀರ್‌ಗಂಜ್‌ನ ಒಣ ಬಂದರಿಗೆ (ಒಳನಾಡಿನ ಕಂಟೇನರ್ ನಿಲ್ದಾಣಕ್ಕೆ) ಸುಮಾರು 700 ಕಿಲೋಮೀಟರ್ ಹೋಗಿ, ಅಷ್ಟೇ ದೂರ ವಾಪಸು ಬರಬೇಕು. ಅದಕ್ಕೂ ಮೊದಲು ಒಂದು ಗೂಡ್ಸ್ ರೈಲು ತುಂಬುವಷ್ಟು, ಎಂದರೆ 20 ಅಡಿಯ ಸುಮಾರು 90 ಕಂಟೇನರ್‌ಗಳು ಒಟ್ಟುಗೂಡುವ ತನಕ ಕಾಯಬೇಕು. ಮೊದಲ ಹಡಗಿನಲ್ಲಿ ಬಂದವನು ಕೊನೆಯ ಹಡಗಿನವನಿಗಾಗಿ ಕಾಯುವಾಗ ಓಡುವ ಮೀಟರು ಅವನದೇ. ದಾಖಲೆಯಲ್ಲಿ ಸೀಲಿನ ಸಂಖ್ಯೆಯ ಒಂದು ಅಂಕಿ ತಪ್ಪಿದ್ದಕ್ಕೆ ಪೆಟ್ಟಿಗೆ ಯಾರ್ಡಿನಲ್ಲೇ ಉಳಿದು, ತಿದ್ದುಪಡಿ ಮುಗಿಯುವಷ್ಟರಲ್ಲಿ ರೈಲು ಹೊರಟುಹೋದದ್ದನ್ನು ಕಂಡಿದ್ದೇನೆ. ಒಳಗಿದ್ದದ್ದು ಕಡಿಮೆ ಬೆಲೆಯ ನೆಲಹಾಸಿನ ಟೈಲ್ಸ್. ಅಂಥ ಸರಕಿನ ಲಾಭವನ್ನು ನುಂಗಿಹಾಕಲು ಹತ್ತು ದಿನದ ವಿಳಂಬ ಸಾಕು. ಅದೇ ಬಿಲ್ಲು ಔಷಧಿ ತರಿಸುವವನಿಗೆ ಅಷ್ಟಾಗಿ ತಟ್ಟುವುದಿಲ್ಲ.

ಇದರ ಜೊತೆಗೆ, ಕೋಲ್ಕತ್ತ ಬಂದರು ಹೂಗ್ಲಿ ನದಿಯಲ್ಲಿ ಸಮುದ್ರದಿಂದ ಸುಮಾರು 200 ಕಿಲೋಮೀಟರ್ ಒಳಗಿದೆ. ಆಳ ಸಾಲದ ಕಾರಣ ದೊಡ್ಡ ಹಡಗುಗಳು ಬರುವುದಿಲ್ಲ. ಸರಕು ಕೊಲಂಬೊ ಅಥವಾ ಸಿಂಗಪುರದಲ್ಲಿ ಫೀಡರ್ ಎಂಬ ಚಿಕ್ಕ ಹಡಗಿಗೆ ಬದಲಾಗಿ, ಉಬ್ಬರವನ್ನು ಕಾದು ಒಳಗೆ ಬರುತ್ತದೆ. ಆ ವೆಚ್ಚವೂ ಕೊನೆಗೆ ಸರಕಿನ ಬೆಲೆಗೇ ಸೇರುತ್ತದೆ.

ಉತ್ತರ 2: ವಕೀಲರು, ಬೆಂಗಳೂರು

ಮಂಗಳೂರಿನ ಸರ್ ಹೇಳಿದ್ದಕ್ಕೆ ಕಾನೂನಿನ ಮುಖವನ್ನು ಸೇರಿಸುತ್ತೇನೆ. ನೀವು ಉಲ್ಲೇಖಿಸಿದ 127ನೇ ವಿಧಿಯಲ್ಲೇ ಒಂದು ವಿನಾಯಿತಿ ಇದೆ: ಆ ಸಾಗಣೆಗಾಗಿ ಒದಗಿಸಿದ ನಿರ್ದಿಷ್ಟ ಸೇವೆಗೆ ಶುಲ್ಕ ಪಡೆಯಬಹುದು. ಅಂತರರಾಷ್ಟ್ರೀಯ ವ್ಯಾಪಾರದ ಗ್ಯಾಟ್ ಒಪ್ಪಂದದ 5ನೇ ವಿಧಿ ಅಂಥ ಶುಲ್ಕ ಸೇವೆಯ ವೆಚ್ಚಕ್ಕೆ ತಕ್ಕಂತಿರಬೇಕೆನ್ನುತ್ತದೆ. ಬಂದರು ಶುಲ್ಕ ನಿಂತಿರುವುದು ಈ ಬಾಗಿಲಿನಲ್ಲಿ. ಆದರೆ ಡಿಟೆನ್ಷನ್ ಹಣವನ್ನು ಪಡೆಯುವುದು ಸರ್ಕಾರವಲ್ಲ, ಖಾಸಗಿ ಹಡಗು ಕಂಪನಿ. ಅದು ಬಿಲ್ ಆಫ್ ಲೇಡಿಂಗ್‌ನ (ಹಡಗು ಕಂಪನಿ ಕೊಡುವ ಸಾಗಣೆ ಪತ್ರದ) ಕರಾರಿಗೆ ಸೇರಿದ ವಿಷಯವಾದ್ದರಿಂದ ರಾಷ್ಟ್ರಗಳ ನಡುವಿನ ಒಪ್ಪಂದ ಅದನ್ನು ನೇರವಾಗಿ ಮುಟ್ಟುವುದಿಲ್ಲ. 2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯ್ದೆಯ ನಂತರ ದರ ನಿಗದಿ ಮಾಡುವ ಅಧಿಕಾರ ಆಯಾ ಬಂದರಿನ ಮಂಡಳಿಗೇ ಬಂದಿದೆ. ಆ ಮಂಡಳಿಯಲ್ಲಿ ನೇಪಾಳದ ವ್ಯಾಪಾರಿಗೆ ಸ್ಥಾನವಿಲ್ಲ. ದರ ಎಷ್ಟೇ ನ್ಯಾಯವಾಗಿದ್ದರೂ, ಅದನ್ನು ತೆರುವವನಿಗೆ ಮಾತನಾಡುವ ಜಾಗವಿಲ್ಲದಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ.

ಪ್ರಬಂಧದಲ್ಲಿ ಇನ್ನೊಂದು ಅಂಶವನ್ನು ಬಿಡಬೇಡಿ. ನೇಪಾಳ ತನ್ನ ಕಸ್ಟಮ್ಸ್ ಸುಂಕವನ್ನು ಗಡಿಯವರೆಗಿನ ಸಾಗಣೆ ಮತ್ತು ವಿಮೆಯ ವೆಚ್ಚವನ್ನೂ ಸೇರಿಸಿದ ಮೌಲ್ಯದ ಮೇಲೆ ವಿಧಿಸುತ್ತದೆ. ಆದ್ದರಿಂದ ದಾರಿಯ ಖರ್ಚು ಹೆಚ್ಚಿದರೆ ಸುಂಕವೂ ಹೆಚ್ಚಿ, ಕಠ್ಮಂಡುವಿನ ಗ್ರಾಹಕ ಎರಡು ಸಲ ತೆರುತ್ತಾನೆ.

ಉತ್ತರ 3: ನಿವೃತ್ತ ಭೂಗೋಳ ಅಧ್ಯಾಪಕ, ಮೈಸೂರು

ಹೋಲಿಕೆಗೆ, ನೇಪಾಳದಂತೆಯೇ ಸಮುದ್ರ ತೀರವಿಲ್ಲದ ಇಥಿಯೋಪಿಯಾವನ್ನೂ ನೋಡಿರಿ. ಎರಿಟ್ರಿಯಾದೊಂದಿಗೆ 1998ರಲ್ಲಿ ಯುದ್ಧ ಆರಂಭವಾದ ಮೇಲೆ ಅದು ಎರಿಟ್ರಿಯಾದ ಅಸ್ಸಾಬ್ ಬಂದರನ್ನು ಬಳಸಲಾಗದೆ, ತನ್ನ ವಿದೇಶಿ ವ್ಯಾಪಾರದ ಶೇ. 90ಕ್ಕೂ ಹೆಚ್ಚು ಭಾಗಕ್ಕೆ ನೆರೆಯ ದೇಶ ಜಿಬೌಟಿಯನ್ನೇ ನೆಚ್ಚಿಕೊಂಡಿತು. ಅಲ್ಲಿನ ಬಂದರಿನ ಬಾಕಿಯನ್ನು ತೆರಬೇಕಾದದ್ದು ವಿದೇಶಿ ವಿನಿಮಯದಲ್ಲಿ. ಡಾಲರ್ ಅಭಾವವಿದ್ದಾಗ ಹಣ ಕಟ್ಟುವುದು ತಡವಾಗಿ, ಆ ತಡವೇ ಮತ್ತೆ ಡೆಮರೇಜ್ ಹುಟ್ಟಿಸುತ್ತದೆ. ಒಂದೇ ಬಾಗಿಲಿರುವ ಮನೆಯವನಿಗೆ ಬಾಡಿಗೆ ಚೌಕಾಸಿ ಮಾಡುವ ಬಲವಿರುವುದಿಲ್ಲ. 1989ರಲ್ಲಿ ಭಾರತದೊಂದಿಗಿನ ಒಪ್ಪಂದಗಳು ಮುಗಿದು ಹೆಚ್ಚಿನ ಗಡಿ ದಾರಿಗಳು ಮುಚ್ಚಿದಾಗ ನೇಪಾಳ ಪಟ್ಟ ಪಾಡು ನನ್ನ ವಯಸ್ಸಿನವರಿಗೆ ನೆನಪಿದೆ. 2016ರ ಒಪ್ಪಿಗೆಯ ನಂತರ ನೇಪಾಳಕ್ಕೆ ವಿಶಾಖಪಟ್ಟಣದ ದಾರಿ ತೆರೆದದ್ದನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು.

ಉತ್ತರ 4: ಸರಕು ಸಾಗಣೆ ಉದ್ಯೋಗಿ, ಮಂಗಳೂರು

ಗುರುಗಳ ಮಾತು ನಿಜ. ವಿಶಾಖಪಟ್ಟಣದಿಂದ ಬೀರ್‌ಗಂಜ್ ಕೋಲ್ಕತ್ತಕ್ಕಿಂತ ಸುಮಾರು ಇಮ್ಮಡಿ ದೂರವಾದರೂ, ಅಲ್ಲಿ ಆಳ ಚೆನ್ನಾಗಿದ್ದು ದೊಡ್ಡ ಹಡಗು ನೇರವಾಗಿ ಬರುವುದರಿಂದ ಅನೇಕರು ಅದನ್ನು ಆರಿಸಿಕೊಂಡರು. ರೈಲಿನ ಬಾಡಿಗೆ ಹೆಚ್ಚಾದರೂ ಉಳಿತಾಯವಾದ ದಿನಗಳು ಅದನ್ನು ತುಂಬಿಕೊಡಬಲ್ಲವು. 2019ರಲ್ಲಿ ಆರಂಭವಾದ ಎಲೆಕ್ಟ್ರಾನಿಕ್ ಸೀಲ್ ವ್ಯವಸ್ಥೆಯೂ ಹೀಗೆಯೇ ನೆರವಾಯಿತು. ಕಂಟೇನರಿನ ಬಾಗಿಲಿಗೆ ಹಾಕುವ ಆ ಸೀಲನ್ನು ಗಡಿಯವರೆಗೂ ಉಪಗ್ರಹದ ಮೂಲಕ ಗಮನಿಸಬಹುದು. ಈ ವ್ಯವಸ್ಥೆಯಲ್ಲಿ ಹಡಗು ಕಂಪನಿಯೇ ಬೀರ್‌ಗಂಜ್‌ವರೆಗೆ ಹೊಣೆ ಹೊರುವುದರಿಂದ ಬಂದರಿನಲ್ಲಿ ಆಮದುದಾರನ ಕಡೆಯ ಓಡಾಟ ಬಹಳ ಇಳಿಯಿತು. ದರಪಟ್ಟಿಯನ್ನು ಮುಟ್ಟದೆಯೇ ವೆಚ್ಚ ತಗ್ಗಿಸುವ ದಾರಿ ಇದು.

ದರ ಇಳಿಸಿದರೆ ಸಾಕೇ ಎಂದು ಕೇಳಿದ್ದೀರಿ, ಸಾಲದು. ಉಚಿತ ದಿನಗಳ ಎಣಿಕೆ ಯಾವಾಗ ಶುರುವಾಗುತ್ತದೆ ಮತ್ತು ಖಾಲಿ ಕಂಟೇನರನ್ನು ಎಲ್ಲಿ ಒಪ್ಪಿಸಬಹುದು ಎಂಬ ಎರಡು ಷರತ್ತುಗಳನ್ನು ಮೊದಲು ನೋಡಿ. ಅದನ್ನು ಬೀರ್‌ಗಂಜ್‌ನಲ್ಲೇ ಒಪ್ಪಿಸಲು ಕಂಪನಿ ಒಪ್ಪಿದರೆ ಮರಳಿ ಕೋಲ್ಕತ್ತ ಮುಟ್ಟಿಸುವ ಹೊಣೆ ಆಮದುದಾರನ ತಲೆಯಿಂದ ಇಳಿಯುತ್ತದೆ. ನಿಮಗೆ ಬಿಲ್ಲುಗಳು ಸಿಕ್ಕರೆ ಮೊತ್ತದ ಜೊತೆಗೆ ಅವುಗಳ ಮೇಲಿನ ದಿನಾಂಕಗಳನ್ನೂ ಬರೆದಿಟ್ಟುಕೊಳ್ಳಿ.